ಸಂಧಿಯಾದ ಆರು ತಿಂಗಳಿಗೆ

ನೇಪರ್‌ವಿಲ್‌ನಿಂದ ರೋಸ್‌ಮಾಂಟ್ ದೂರವೇನಲ್ಲ. ಅಲ್ಲಿನ ನಾಣ್ಯಮೇಳದಲ್ಲಿ ವ್ಯಾಪಾರಿಯೊಬ್ಬ ಪ್ಲಾಸ್ಟಿಕ್ ಕವರಿನೊಳಗಿದ್ದ ನೂರು ಡಾಲರಿನ ನೋಟನ್ನು ಕೈಗಿತ್ತ. 1862ರದ್ದು. ಗುಲಾಮಗಿರಿ ಉಳಿಸಿಕೊಳ್ಳಲೆಂದು ಅಮೆರಿಕದಿಂದ ಸಿಡಿದುಹೋದ ದಕ್ಷಿಣದ ಕಾನ್ಫೆಡರೇಟ್ ಸರ್ಕಾರದ್ದು.

ನಡುವೆ ಹತ್ತಿಹೊಲ, ಗುದ್ದಲಿಯಿಂದ ಕಳೆ ತೆಗೆಯುವ ಗುಲಾಮರು. ಎಡಕ್ಕೆ ಗುಲಾಮಗಿರಿಯ ದೊಡ್ಡ ವಕೀಲ ಜಾನ್ ಕ್ಯಾಲ್‌ಹೌನ್. ಕಲೆಯ ಲೆಕ್ಕದಲ್ಲಿ ಸಾಧಾರಣ ಕೆಲಸ. 1861ರ ಮೊದಲ ನೋಟುಗಳನ್ನು ದಕ್ಷಿಣದವರು ಮಾಡಿಸಿದ್ದು ಉತ್ತರದ ನ್ಯೂಯಾರ್ಕ್‌ನಲ್ಲಿ! ಮನೆ ಒಡೆದು ಬೇರೆಯಾದವನು ಅಣ್ಣನ ಮನೆಗೇ ಪಾತ್ರೆ ಕೇಳಲು ಹೋದ ಹಾಗೆ. ಯುದ್ಧ ಶುರುವಾದ ಮೇಲೆ ಬಹುಪಾಲು ಕಲ್ಲಚ್ಚೇ ಗತಿ. ಫಿಲಡೆಲ್ಫಿಯಾದ ಅಂಗಡಿಕಾರ ಸ್ಯಾಮ್ಯುಯೆಲ್ ಅಪ್‌ಹ್ಯಾಮ್ ಇಂಥ ನೋಟುಗಳ ನಕಲು ಮಾಡಿ ರಾಜಾರೋಷವಾಗಿ ಮಾರಿದ.

ಆದರೂ ಇದು ಸುಳ್ಳು ಹೇಳದ ನೋಟು. ರಾಜ್ಯಗಳ ಹಕ್ಕಿಗಾಗಿ ಹೋರಾಡಿದೆವೆಂದು ದಕ್ಷಿಣದವರು ಆಮೇಲೆ ಎಷ್ಟೇ ಹೇಳಿಕೊಂಡರೂ, ತಮ್ಮ ದುಡ್ಡು ಯಾರ ಬೆವರಿನದು ಎಂಬುದನ್ನು ಅವರೇ ಅಚ್ಚು ಹಾಕಿಟ್ಟಿದ್ದಾರೆ. ವಾಗ್ದಾನವೂ ಹಾಗೇ: ಅಮೆರಿಕದೊಂದಿಗೆ ಶಾಂತಿ ಒಪ್ಪಂದ ಸ್ಥಿರಪಟ್ಟ ಆರು ತಿಂಗಳಿಗೆ ಹಣ ಕೊಡುತ್ತೇವೆ, ಅಲ್ಲಿಯವರೆಗೆ ದಿನಕ್ಕೆ ಎರಡು ಸೆಂಟ್ ಬಡ್ಡಿ. ಗೆದ್ದರೆ ಕೊಡುತ್ತೇವೆ ಎಂದಷ್ಟೇ ಅದರ ಅರ್ಥ.

ನೋಡುತ್ತ ನಿಂತಾಗ ನೆನಪಾದದ್ದು ನಮ್ಮ ಕಡೆಯ ಹಾಲಿ ಸಿಕ್ಕಾ. ಕಲಬುರಗಿ, ಬೀದರ್, ರಾಯಚೂರಿನಲ್ಲಿ ಹೈದರಾಬಾದಿನ ನಿಜಾಮನ ದುಡ್ಡು ಹಾಲಿ, ಬ್ರಿಟಿಷ್ ರೂಪಾಯಿ ಕಲ್ದಾರ. ಆರು ಕಲ್ದಾರಕ್ಕೆ ಏಳು ಹಾಲಿ. 1918ರ ಕಾಯ್ದೆಯಿಂದ ಬಂದ ಹೈದರಾಬಾದಿನ ನೋಟಿನ ಮೇಲೆ ಕನ್ನಡವೂ ಇತ್ತು. ಅಂದದಲ್ಲಿ ಅದೇ ಮೇಲು. ಬ್ರಿಟಿಷರು ಹೋದ ಮೇಲೆ ಸ್ವತಂತ್ರನಾಗಿಯೇ ಉಳಿಯುತ್ತೇನೆಂದ ನಿಜಾಮ ಭಾರತದ ನಾಣ್ಯದ ಚಲಾವಣೆಗೇ ತಡೆ ಹಾಕಿದ. 1948ರ ಸೆಪ್ಟೆಂಬರಿನಲ್ಲಿ ಅವನ ಆಟ ಮುಗಿಯಿತು. ಆದರೆ ಜನರ ಕೈಯಲ್ಲಿದ್ದ ಹಾಲಿ ಒಂದೇ ರಾತ್ರಿಗೆ ರದ್ದಿಯಾಗಲಿಲ್ಲ; ಮುಂದೆಯೂ ಕೆಲವು ವರ್ಷ ರೂಪಾಯಿಯ ಪಕ್ಕದಲ್ಲೇ ಓಡಾಡಿತು. ಗೆದ್ದ ಭಾರತ ಅದನ್ನು ತನ್ನದೆಂದು ಒಪ್ಪಿತ್ತು.

ಇಲ್ಲಿ ಹಾಗಾಗಲಿಲ್ಲ. ದಕ್ಷಿಣ ಸೋತ ಮೇಲೆ ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಬಂದ ಹದಿನಾಲ್ಕನೇ ತಿದ್ದುಪಡಿ ದಂಗೆಯ ಸಾಲವೆಲ್ಲ ಅಸಿಂಧು ಎಂದಿತು. ಕವರನ್ನು ಮಗುಚಿದೆ. ಬೆನ್ನ ಮೇಲೆ ಬಡ್ಡಿ ಸಂದಾಯವಾದ ಮುದ್ರೆಗಳಿದ್ದವು. ಅಸಲು ಬರಲೇ ಇಲ್ಲ.