ಸಭೆಗೆ ಬಂದ ಪೋಷಕರಿಗೆ ಏನು ತೋರಿಸಬೇಕು?

ಕರ್ನಾಟಕದ ಸರ್ಕಾರಿ ಶಾಲೆಗಳಿಗೆ ಎಸ್‌ಡಿಎಂಸಿ ಬಂದು ಕಾಲು ಶತಮಾನವಾಗುತ್ತ ಬಂತು. ವಿಜ್ಞಾನಿ ರಾಜಾ ರಾಮಣ್ಣ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನಂತೆ 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅಲ್ಲಿಯವರೆಗೆ ಇದ್ದ ಗ್ರಾಮ ಶಿಕ್ಷಣ ಸಮಿತಿಗಳು ಹೋಗಿ, ಶಾಲೆಗೊಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಬಂತು. ಅದೇ ಶಾಲೆಯಲ್ಲಿ ಓದುವ ಮಕ್ಕಳ ತಂದೆ ತಾಯಂದಿರಿಗೆ ಅದರಲ್ಲಿ ಜಾಗ, ಅವರಲ್ಲೇ ಒಬ್ಬರು ಅಧ್ಯಕ್ಷರು. ಇಂಥ ಸಮಿತಿಯನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ಎಂಟು ವರ್ಷ ಮೊದಲೇ ಆ ಹೆಜ್ಜೆ ಇಟ್ಟ ಹೆಮ್ಮೆ ನಮ್ಮ ರಾಜ್ಯದ್ದು.

ಈ ವ್ಯವಸ್ಥೆಯ ಫಲ ಕಣ್ಣಿಗೆ ಕಾಣುತ್ತದೆ. ಸೋರುವ ಚಾವಣಿ, ಬೀಗ ಬಿದ್ದ ಶೌಚಾಲಯ, ಬಿಸಿಯೂಟದ ರುಚಿ, ಖಾಲಿ ಬಿದ್ದ ಶಿಕ್ಷಕರ ಹುದ್ದೆ ಇವನ್ನೆಲ್ಲ ಪ್ರಶ್ನಿಸುವ ಅಧಿಕಾರ ಕೂಲಿ ಮಾಡುವ ತಾಯಿಗೂ ದಕ್ಕಿತು. ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಊರಿನ ಯಜಮಾನಿಕೆಯ ಎದುರು ಇದು ಸಣ್ಣ ಮಾತಲ್ಲ. ಹೆಂಡತಿಯ ಹೆಸರಿನಲ್ಲಿ ಗಂಡ ಬಂದು ಕೂರುವ ಸಭೆಗಳಿದ್ದರೂ, ಆ ಬಾಗಿಲು ತೆರೆದದ್ದಂತೂ ನಿಜ.

ಆದರೆ ಮಗುವಿನ ಕಲಿಕೆಯ ವಿಷಯಕ್ಕೆ ಬಂದರೆ ಈ ವ್ಯವಸ್ಥೆ ಬಡವಾಗಿದೆ. ಕಾರಣ ಕಾಯ್ದೆಯಲ್ಲೇ ಸಿಗುತ್ತದೆ. 21ನೇ ಸೆಕ್ಷನ್ ಸಮಿತಿಗೆ ಕೊಟ್ಟ ಕೆಲಸಗಳು ಶಾಲೆ ನಡೆಯುವ ರೀತಿಯ ಮೇಲೆ ಕಣ್ಣಿಡುವುದು, ಅಭಿವೃದ್ಧಿ ಯೋಜನೆ ಮಾಡುವುದು, ಅನುದಾನದ ಲೆಕ್ಕ ನೋಡುವುದು. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಪ್ರಗತಿಯ ಬಗ್ಗೆ ಪೋಷಕರೊಡನೆ ನಿಯಮಿತವಾಗಿ ಸಭೆ ಸೇರಿ ಮಾತಾಡಬೇಕೆಂಬ ಮಾತು ಇರುವುದು 24ನೇ ಸೆಕ್ಷನ್‌ನಲ್ಲಿ, ಶಿಕ್ಷಕರ ಕರ್ತವ್ಯಗಳ ಪಟ್ಟಿಯೊಳಗೆ. ಮೊದಲನೆಯದಕ್ಕೆ ಸಮಿತಿ, ಚುನಾವಣೆ, ತರಬೇತಿ, ಬ್ಯಾಂಕ್ ಖಾತೆ ಎಲ್ಲವೂ ಬಂದವು. ಎರಡನೆಯದು ಬಹುಮಟ್ಟಿಗೆ ಶಿಕ್ಷಕರ ಒಳ್ಳೆಯತನಕ್ಕೆ ಬಿಟ್ಟ ವಿಷಯವಾಯಿತು.

ಸಮಿತಿ ಗಟ್ಟಿಯಾದರೆ ಕಲಿಕೆ ತಾನಾಗಿ ಸುಧಾರಿಸುತ್ತದೆ ಎಂಬ ನಂಬಿಕೆಯನ್ನು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಒಂದು ಅಧ್ಯಯನ ಅಲುಗಾಡಿಸಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಪ್ರಥಮ್ ಸಂಸ್ಥೆಯ ರುಕ್ಮಿಣಿ ಬ್ಯಾನರ್ಜಿ ಮತ್ತಿತರರು ನಡೆಸಿದ ಈ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೆಲವು ಹಳ್ಳಿಗಳಲ್ಲಿ ಸಭೆ ಕರೆದು ಶಿಕ್ಷಣ ಸಮಿತಿಯ ಅಧಿಕಾರಗಳನ್ನು ತಿಳಿಸಿದರು. ಇನ್ನು ಕೆಲವೆಡೆ ಊರಿನವರೇ ಮಕ್ಕಳ ಓದನ್ನು ಪರೀಕ್ಷಿಸುವಂತೆ ಮಾಡಿದರು. ಶಾಲೆಯೂ ಬದಲಾಗಲಿಲ್ಲ, ಮಕ್ಕಳ ಕಲಿಕೆಯೂ ಬದಲಾಗಲಿಲ್ಲ. ಫಲ ಕಂಡದ್ದು ಮೂರನೆಯ ಗುಂಪಿನಲ್ಲಿ: ಅಲ್ಲಿ ಊರಿನ ಯುವಕ ಯುವತಿಯರಿಗೆ ಓದಿಸುವ ಸರಳ ವಿಧಾನ ಕಲಿಸಿದ್ದರು, ಅವರ ಶಿಬಿರಕ್ಕೆ ಬಂದ ಮಕ್ಕಳು ಓದುವುದರಲ್ಲಿ ಮುಂದೆ ಬಂದರು. ಅಧಿಕಾರ ಕೊಟ್ಟರೂ ಸಾಲಲಿಲ್ಲ, ಮಾಹಿತಿ ಕೊಟ್ಟರೂ ಸಾಲಲಿಲ್ಲ. ಏನು ಮಾಡಬೇಕೆಂದು ಕೈಹಿಡಿದು ತೋರಿಸಿದಾಗ ಜನ ಮಾಡಿದರು. ಕರ್ನಾಟಕ ಗಂಭೀರವಾಗಿ ಓದಿಕೊಳ್ಳಬೇಕಾದ ಪಾಠ ಇದು.

ನಮ್ಮಲ್ಲಿ ಈ ಪಾಠಕ್ಕೆ ಹತ್ತಿರವಾದ ಒಂದು ಕಾರ್ಯಕ್ರಮ ಇದೆ: ‘ಸಮುದಾಯದತ್ತ ಶಾಲೆ’. ಅದು ನಡೆಯುವ ದಿನ ಪೋಷಕರು ಶಾಲೆಗೆ ಬಂದು ತಮ್ಮ ಮಗುವಿನ ಉತ್ತರ ಪತ್ರಿಕೆ ನೋಡಿ ಶಿಕ್ಷಕರೊಡನೆ ಮಾತಾಡಬೇಕು. ಕಲ್ಪನೆ ಬಹಳ ಒಳ್ಳೆಯದು. ಆದರೆ ಸ್ವಾಗತ, ಭಾಷಣ, ಸಹಿ, ಫೋಟೊಗಳಲ್ಲೇ ಹೊತ್ತು ಹೋದರೆ ತಾಯಿಯ ಕೈಗೆ ಸಿಗುವುದು ‘ಬಿ ಪ್ಲಸ್’ ಎಂಬ ಒಂದು ಶ್ರೇಣಿ. ನೂರಕ್ಕೆ 50ರಿಂದ 69 ಅಂಕ ಎಂದು ಅದರ ಅರ್ಥ. ಮಗುವಿಗೆ ಯಾವುದು ಬರುತ್ತದೆ, ಎಲ್ಲಿ ತೊಡಕಿದೆ ಎಂಬುದನ್ನು ಅದು ಹೇಳುವುದಿಲ್ಲ.

ಅದೇ ಮೇಜಿನ ಮೇಲೆ ಒಂದು ಕಳೆಯುವ ಲೆಕ್ಕ ಇಟ್ಟು ನೋಡಿ. 52ರಲ್ಲಿ 17 ಕಳೆದು ಮಗು 45 ಎಂದು ಬರೆದಿದೆ. ಮಗು ದಡ್ಡನಲ್ಲ, ಬಿಡಿ ಸ್ಥಾನದಲ್ಲಿ ಎರಡರಿಂದ ಏಳು ಹೋಗದ ಕಾರಣ ಏಳರಿಂದಲೇ ಎರಡನ್ನು ಕಳೆದಿದೆ. ಮೇಷ್ಟ್ರು ಕೆಂಪು ಗೆರೆ ಎಳೆದು ಸುಮ್ಮನಾಗದೆ, ‘ನೋಡಮ್ಮ, ಇವನಿಗೆ ಹತ್ತನ್ನು ಬಿಡಿಸಿ ಕಳೆಯೋದು ಇನ್ನೂ ಬಂದಿಲ್ಲ. ಮನೇಲಿ ಚಿಲ್ಲರೆ ಇಟ್ಕೊಂಡು ಮಾಡಿಸಿ’ ಎಂದರೆ ಸಾಕು. ಸಂತೆಯಲ್ಲಿ ಸೊಪ್ಪು ಮಾರುವ ತಾಯಿಗೆ ಅಕ್ಷರ ಬಾರದಿದ್ದರೂ ಹತ್ತರ ನೋಟು ಮುರಿಸಿ ಚಿಲ್ಲರೆ ಕೊಡುವುದು ನಿತ್ಯದ ಕೆಲಸ. ಐದು ಹತ್ತರ ನೋಟು, ಎರಡು ಒಂದು ರೂಪಾಯಿ ನಾಣ್ಯ ಇಟ್ಟು ಹದಿನೇಳು ಕೊಡು ಎಂದರೆ ಮಗು ಒಂದು ನೋಟು ಮುರಿಸಲೇಬೇಕು. ಉಳಿಯುವ ಮೂವತ್ತೈದು ಅವನ ಕೈಯಲ್ಲೇ ಇರುತ್ತದೆ. ಶಾಲೆ ಮನೆಯಿಂದ ಕೇಳಬಹುದಾದ ಸಹಾಯ ಇಷ್ಟು ಸ್ಪಷ್ಟವಾಗಿರಬೇಕು. ‘ಮನೆಯಲ್ಲಿ ಚೆನ್ನಾಗಿ ಓದಿಸಿ’ ಎಂಬ ಮಾತಿನಿಂದ ಓದು ಬಾರದ ತಾಯಿ ತಲೆ ತಗ್ಗಿಸಿ ಮನೆಗೆ ಹೋಗುತ್ತಾಳೆ, ಅಷ್ಟೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿಕಲಿ’ ಕಲಿಕಾ ಪದ್ಧತಿಗೂ ಈ ಮಾತು ಸಲ್ಲುತ್ತದೆ. ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲುಗಳ ಆ ಪದ್ಧತಿಯಲ್ಲಿ ಪ್ರತಿ ಮಗು ಎಲ್ಲಿದೆ ಎಂಬುದು ತರಗತಿಯ ಗೋಡೆಯ ‘ಪ್ರಗತಿ ನೋಟ’ದಲ್ಲೇ ಇರುತ್ತದೆ. ಪೋಷಕರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ. ಅದನ್ನು ವಿವರಿಸಿ ಹೇಳದಿದ್ದರೆ ಮಾತ್ರ, ಮಕ್ಕಳು ಆಟವಾಡಿಕೊಂಡಿದ್ದಾರೆ ಎಂಬ ಗುಮಾನಿ ಮನೆಗಳಲ್ಲಿ ಹುಟ್ಟುತ್ತದೆ.

ಅಕ್ಷರ ಫೌಂಡೇಷನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಡೆಸುತ್ತ ಬಂದ ಗಣಿತ ಸ್ಪರ್ಧೆಗಳು ಇನ್ನೊಂದು ದಾರಿ ತೋರಿವೆ. ನಾಲ್ಕರಿಂದ ಆರನೇ ತರಗತಿಯ ಮಕ್ಕಳು ಊರವರ ಎದುರೇ ಲೆಕ್ಕ ಮಾಡುತ್ತಾರೆ. ಫಲಿತಾಂಶ ಪಂಚಾಯಿತಿಯ ಮಾತಾಗುತ್ತದೆ. ಕೊಠಡಿ, ಕಾಂಪೌಂಡಿನ ಜತೆಗೆ ಕೂಡು ಕಳೆಯೂ ಊರಿನ ಚರ್ಚೆಗೆ ಬರುವುದು ದೊಡ್ಡ ಬದಲಾವಣೆ. ಬಹುಮಾನ ಹಂಚಿದ ಮೇಲೆ ಹಿಂದುಳಿದ ಮಗುವಿನ ಮನೆಗೆ ಯಾರು ಹೋಗುತ್ತಾರೆ ಎಂಬ ಪ್ರಶ್ನೆ ಮಾತ್ರ ಅಲ್ಲೂ ಉಳಿಯುತ್ತದೆ.

ಹೀಗೆ ಪೋಷಕರನ್ನು ಕಲಿಕೆಗೆ ಜೋಡಿಸಿದ ಮಾತ್ರಕ್ಕೆ ಪವಾಡವೇನೂ ಆಗದು. ಬಿಹಾರ ಮತ್ತು ರಾಜಸ್ಥಾನದಲ್ಲಿ ತಾಯಂದಿರಿಗೆ ಅಕ್ಷರ ಕಲಿಸಿ, ಮನೆಗೆ ಹೋಗಿ ಚಟುವಟಿಕೆ ಹಾಳೆ ಕೊಟ್ಟು ನಡೆಸಿದ ಪ್ರಯೋಗದಲ್ಲಿ ಮಕ್ಕಳ ಗಣಿತ ಸುಧಾರಿಸಿದ್ದು ಅಲ್ಪ. ತರಗತಿಯ ಪಾಠದ ಹೊರೆಯನ್ನು ಮನೆಯ ಮೇಲೆ ಹೊರಿಸಲು ಬರುವುದಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಹಾಗಾಗಿ ಸರ್ಕಾರ ಮಾಡಬೇಕಾದದ್ದು ಹೊಸ ಸಮಿತಿಯಲ್ಲ, ಇರುವ ಸಭೆಗಳನ್ನೇ ಸರಿಪಡಿಸುವುದು. ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿಯವರಿಗೆ ಒಂದು ದಿನದ ದುಡಿಮೆ ಹೋಗುತ್ತದೆ. ಸಮಯವನ್ನು ಸಂಜೆಗೋ ಊರಿನ ಬಿಡುವಿನ ದಿನಕ್ಕೋ ಬದಲಿಸಬೇಕು. ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಯಲ್ಲಿ ಪ್ರತಿ ಪೋಷಕರ ಜತೆ ಹತ್ತು ನಿಮಿಷ ಕೂರುವುದೂ ಪಾಠದಷ್ಟೇ ಕೆಲಸ. ಆ ಹೊತ್ತನ್ನು ಕರ್ತವ್ಯದ ಸಮಯವೆಂದು ಲೆಕ್ಕ ಹಿಡಿಯಬೇಕು, ಅದಕ್ಕಾಗಿ ಬೇರೆ ವರದಿ, ಬೇರೆ ಫೋಟೊ ಕೇಳಬಾರದು. ಎಸ್‌ಡಿಎಂಸಿ ತರಬೇತಿಯಲ್ಲಿ ಅನುದಾನದ ಅಧ್ಯಾಯದ ಜತೆಗೆ, ಮಗುವಿನ ನೋಟ್‌ಬುಕ್ ನೋಡುವುದು ಹೇಗೆ ಎಂಬುದಕ್ಕೂ ಒಂದು ಮಧ್ಯಾಹ್ನ ಮೀಸಲಿಡಬೇಕು.