ಅಂಚು ನೆಟ್ಟಗಿರಬೇಕು

ಫೋಟೋ ಚೆನ್ನಾಗಿ ಬರದಿದ್ದರೆ ನಮ್ಮ ಕಡೆ ಮೊದಲು ಮುಖವನ್ನು ಬೈಯುತ್ತಾರೆ, ಆಮೇಲೆ ಸೀರೆಯನ್ನು, ಕಡೆಗೆ ಫೋಟೋ ತೆಗೆದವನನ್ನು. ಕ್ಯಾಮೆರಾದ ಮೂತಿಗೆ ಕೂತ ಗಾಜಿನ ತಂಟೆಗೆ ಯಾರೂ ಹೋಗುವುದಿಲ್ಲ. ಕಾದಂಬರಿ ಓದಿ ಅಭಿಪ್ರಾಯ ಹೇಳುವ ನಾವು, ಪಲ್ಯದ ಉಪ್ಪಿಗೆ ತೀರ್ಪು ಕೊಡುವ ನಾವು, ಲೆನ್ಸಿನ ಗುಣದೋಷ ಮಾತ್ರ ಗಂಡಸರ ವಿಷಯವೆಂದು ಬಿಟ್ಟುಕೊಟ್ಟಿದ್ದೇವೆ. ಏಕೆ ಬಿಡಬೇಕು?

ಲೆನ್ಸಿನಲ್ಲಿ ಎರಡು ಜಾತಿ. ಒಂದು ಪ್ರೈಮ್. ಅದರ ನಾಭಿದೂರ ಒಂದೇ. ವಸ್ತು ದೊಡ್ಡದಾಗಿ ಕಾಣಬೇಕೆಂದರೆ ನೀವೇ ಕಾಲೆತ್ತಿ ಹತ್ತಿರ ಹೋಗಬೇಕು. ಇನ್ನೊಂದು ಜೂಮ್. ನಿಂತಲ್ಲೇ ನಿಂತು ಅದರ ಬಳೆ ತಿರುಗಿಸಿದರೆ ದೂರದ್ದು ಹತ್ತಿರ ಬರುತ್ತದೆ. ಒಬ್ಬಳ ಅಳತೆಗೆ ಹೊಲಿದ ಕುಪ್ಪಸ ಮೊದಲನೆಯದು. ಅತ್ತಿಗೆ-ನಾದಿನಿ ಇಬ್ಬರಿಗೂ ಆಗಲೆಂದು ಹೊಲಿದದ್ದು ಎರಡನೆಯದು, ಎಲ್ಲೋ ಒಂದು ಕಡೆ ಸಡಿಲು, ಒಂದು ಕಡೆ ಬಿಗಿ. ಕ್ಯಾನನ್ ಕಂಪನಿಯ ಎಫ್ 1.8ರ 50 ಮಿ.ಮೀ. ಪ್ರೈಮಿನಲ್ಲಿ ಗಾಜಿನ ಬಿಲ್ಲೆಗಳು 6. ಅದೇ ಕಂಪನಿಯ 18-55ರ ಎಸ್‌ಟಿಎಂ ಜೂಮಿನಲ್ಲಿ 13. ಬಿಲ್ಲೆ ಹೆಚ್ಚಿದಷ್ಟೂ ಬೆಳಕು ದಾಟಬೇಕಾದ ಹೊಸ್ತಿಲುಗಳು ಹೆಚ್ಚು.

ಜೂಮು ತೀರ ಹಳೆಯದೂ ಅಲ್ಲ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆಯವರು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ದೊಡ್ಡ ಫೋಟೋ ಪುಸ್ತಕ ತಂದರು. ಪಿಗೌ, ನೀಲ್, ಬಿಗ್ಸ್ ಎಂಬುವರು ತೆಗೆದ ಚಿತ್ರಗಳು. ಅವರ ಕಾಲಕ್ಕೆ ಬಳೆ ತಿರುಗಿಸುವ ಸುಖವಿರಲಿಲ್ಲ. ಗುಡಿ ಪೂರ್ತಿ ಬರಬೇಕೆಂದರೆ ಪೆಟ್ಟಿಗೆ ಹೊತ್ತು ಹಿಂದೆ ಸರಿಯಬೇಕು. ಸ್ಥಿರಚಿತ್ರದ ಕ್ಯಾಮೆರಾಕ್ಕೆ ಫೋಕ್ಟ್‌ಲೆಂಡರ್ ಕಂಪನಿಯ ಜೂಮ್ ಬಂದದ್ದು 1959ರಲ್ಲಿ. 1963ರಲ್ಲಿ ನಿಕಾನ್ ತಂದ 43-86 ಜೂಮ್ ಬಹಳ ಖರ್ಚಾಯಿತು, ಮಸುಕು ಚಿತ್ರಕ್ಕೆ ಹೆಸರೂ ಕೆಡಿಸಿಕೊಂಡಿತು. ಇಂದಿನ ಜೂಮುಗಳು ಆ ಅಪಖ್ಯಾತಿಯನ್ನು ಬಹುಮಟ್ಟಿಗೆ ತೊಳೆದುಕೊಂಡಿವೆ ಎನ್ನುತ್ತಾರೆ. ಎಷ್ಟು ಮಟ್ಟಿಗೆ ಎಂಬುದನ್ನು ನಾನು ಸೀರೆಯ ಮೇಲೆ ನೋಡಿದೆ.

ನಮ್ಮ ರಾಜೂರಿಗೆ ಗಜೇಂದ್ರಗಡ ಹತ್ತಿರ. ಅಲ್ಲಿನ ಪಟ್ಟೇದ ಅಂಚಿನ ಸೀರೆ ನಿಮಗೆ ಗೊತ್ತಿರಬಹುದು: ಮೈ ತುಂಬ ಚೌಕಡಿ, ಬೇರೆ ಬಣ್ಣದ ಗಟ್ಟಿ ಅಂಚು. ನೇಯುವ ಹೆಣ್ಣುಮಗಳೊಬ್ಬಳು ನನಗೆ ಪರಿಚಯ. ಅವಳು ಊರಾಚೆಯ ಗಿರಾಕಿಗೆ ಚಿತ್ರ ಕಳಿಸಿದ್ದಳು, ಯಾರೋ ಜೂಮ್ ಲೆನ್ಸಿನಿಂದ ತೆಗೆದುಕೊಟ್ಟದ್ದು. ಅಂಚು ಸೊಟ್ಟ ಐತಿ ಎಂದು ಗಿರಾಕಿ ದರ ಇಳಿಸಿದನಂತೆ. “ನಾ ನೆಟ್ಟಗ ನೇಯ್ದೀನ್ರೀ ಅಕ್ಕಾರ, ಇದರಾಗ ಹೆಂಗ ಸೊಟ್ಟ ಕಾಣಸ್ತೈತಿ?” ಎಂದು ಅವಳು ಸೀರೆ ಹಾಸಿ ತೋರಿಸಿದಳು. ಅಂಚು ದಾರ ಹಿಡಿದು ಗೆರೆ ಕೊರೆದ ಹಾಗಿತ್ತು.

ರಜೆಗೆ ಬಂದಿದ್ದ ತಂಗಿಯ ಮಗಳ ಬಳಿ ಎರಡೂ ಲೆನ್ಸ್ ಇದ್ದವು, 18-55ರ ಜೂಮೂ 50ರ ಪ್ರೈಮೂ. ಅವಳನ್ನು ಕರೆದುಕೊಂಡು ಹೋದೆ. ಜೂಮನ್ನು 18ಕ್ಕೆ ಇಟ್ಟು ಹತ್ತಿರದಿಂದ ತೆಗೆದಾಗ ಚಿತ್ರದ ಅಂಚಿಗೆ ಬಂದ ಸೀರೆಯ ಅಂಚು ಪೀಪಾಯಿಯ ಹೊಟ್ಟೆಯ ಹಾಗೆ ಹೊರಗೆ ಉಬ್ಬಿತು. ಗಿರಾಕಿ ಕಂಡದ್ದು ನೇಕಾರ್ತಿಯ ಕೈದೋಷವನ್ನಲ್ಲ, ಗಾಜಿನ ದೋಷವನ್ನು. 50ರ ಪ್ರೈಮಿನಲ್ಲಿ ಅದೇ ಅಂಚು ನೆಟ್ಟಗೆ ನಿಂತಿತು, ಮೂಲೆಯ ಚೌಕಡಿಯ ಎಳೆಗಳೂ ಬಿಡಿಬಿಡಿಯಾಗಿ ಕಂಡವು. ಈ ಬಾಗನ್ನು ಕಂಪ್ಯೂಟರು ತಿದ್ದುತ್ತದೆ, ಈಗಿನ ಎಷ್ಟೋ ಕ್ಯಾಮೆರಾ ತಾವೇ ತಿದ್ದಿಕೊಳ್ಳುತ್ತವೆ, ನಿಜ. ಆದರೆ ಬಾಗಿದ್ದನ್ನು ಎಳೆದು ನೇರ ಮಾಡುವಾಗ ಮೂಲೆಯ ಎಳೆಗಳು ಒಂದಿಷ್ಟು ಮಂಕಾಗುತ್ತವೆ.

ಹಾಗೆಂದು ಪ್ರೈಮಿಗೆ ಆರತಿ ಎತ್ತುವವಳು ನಾನಲ್ಲ. ಎರಡನ್ನೂ ಎಫ್ 8ಕ್ಕೆ ಕಿರಿದು ಮಾಡಿ, ಜೂಮನ್ನು 50ಕ್ಕೆ ತಂದು ತೆಗೆದ ಚಿತ್ರಗಳ ನಡುಭಾಗದಲ್ಲಿ ಯಾವುದು ಯಾವುದೆಂದು ನನಗೆ ಹೇಳಲಾಗಲಿಲ್ಲ. ಸೂಡಿಯ ನಾಗಕುಂಡದಲ್ಲಿ ಐವತ್ತರದು ಬರೀ ಒಂದು ಮೂಲೆ ಹಿಡಿಯಿತು. ಹಿಂದೆ ಸರಿಯಲು ಗೋಡೆ ಅಡ್ಡ. ಅಲ್ಲಿ ಜೂಮೇ ಬೇಕಾಯಿತು. ತೇರಿನ ಗದ್ದಲದಲ್ಲಿ ಕಾಲು ನಡೆಸಿ ಚೌಕಟ್ಟು ಹೊಂದಿಸುತ್ತೇನೆನ್ನುವವರ ಕಾಲು ತುಳಿಸಿಕೊಳ್ಳುತ್ತದೆ, ಅಷ್ಟೆ. ಮದುವೆಯವರು ಹಿಡಿಯುವ 70-200ರಂಥ ದುಬಾರಿ ಜೂಮುಗಳು ಪ್ರೈಮಿಗೆ ಸರಿಸಾಟಿಯಾಗಿ ಚಿತ್ರ ಕೊಡುತ್ತವೆ, ಎಫ್ 2.8ರವುಗಳಲ್ಲಿ ಹಲವು ಸುಮಾರು ಒಂದೂವರೆ ಕಿಲೋ ಭಾರ. ಅಷ್ಟು ಹಣವೂ ತೋಳಬಲವೂ ಇದ್ದವರಿಗೆ ಈ ಚರ್ಚೆಯೇ ಬೇಡ.

ನನ್ನನ್ನು ಪ್ರೈಮಿನ ಕಡೆಗೆ ವಾಲಿಸಿದ್ದು ಮಗ್ಗದ ಕೋಣೆಯ ಕತ್ತಲೆ. ಕುಣಿ ಮಗ್ಗ, ಒಂದೇ ಕಿಟಕಿ. 18-55ರ ಜೂಮ್ 55ರಲ್ಲಿ ಎಫ್ 5.6ಕ್ಕಿಂತ ಅಗಲ ಕಣ್ಣು ತೆರೆಯಲಾರದು, ಪ್ರೈಮ್ 1.8ರವರೆಗೆ ತೆರೆಯುತ್ತದೆ, ಸುಮಾರು ಹತ್ತು ಪಟ್ಟು ಬೆಳಕು. ಜೂಮಿನಲ್ಲಿ ನಮ್ಮ ಕೈನಡುಕವನ್ನು ತಡೆಯುವ ಏರ್ಪಾಡಿತ್ತು, ಗೋಡೆ ಸ್ಪಷ್ಟ ಬಂತು. ಆದರೆ ಲಾಳಿ ಎಸೆಯುವ ಕೈ ಹೊಗೆಯಂತೆ ಕರಗಿತ್ತು. ಕೆಲಸ ಮಾಡುತ್ತಿದ್ದದ್ದು ಆ ಕೈ. ಪ್ರೈಮಿನಲ್ಲಿ ಬಳೆಗಳನ್ನು ಎಣಿಸಬಹುದಿತ್ತು. ಅದರದೂ ಒಂದು ಕೊಸರು ಇದೆ: ಪೂರ್ತಿ ತೆರೆದಾಗ ತೀರ ತೆಳುವಾದ ಒಂದು ಪದರ ಮಾತ್ರ ಸ್ಪಷ್ಟ. ಅವಳ ಮುಖ ತೆಗೆದಾಗ ಮೂಗುತಿ ಮಿಂಚಿತು, ಕಣ್ಣು ಮಸುಕಾಯಿತು. ಎಫ್ 2.8ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ಫೋನಿನಲ್ಲಿ ತೆಗೆಯುವವರಿಗೂ ಒಂದು ಮಾತು. ಬಹುಪಾಲು ಫೋನುಗಳಲ್ಲಿ ಇರುವವು ಬಿಡಿಬಿಡಿ ಪ್ರೈಮುಗಳೇ. ನೀವು ಎರಡು ಬೆರಳಿನಿಂದ ಹಿಗ್ಗಿಸುವುದು ಬಹಳ ಸಲ ಚಿತ್ರದ ತುಂಡು ಕತ್ತರಿಸಿದಂತೆ, ಎಳೆಗಳು ಒಡೆಯುತ್ತವೆ. ಅಗಲ ಲೆನ್ಸ್ ಬಿಟ್ಟು, ಎರಡು ಹೆಜ್ಜೆ ಹಿಂದೆ ನಿಲ್ಲಿ. ಫೋನನ್ನು ಓರೆ ಹಿಡಿದರೂ ಅಂಚು ಓರೆಯಾಗುತ್ತದೆ, ಅದಕ್ಕೆ ಲೆನ್ಸನ್ನು ದೂರಬೇಡಿ.

ಐವತ್ತರ ಪ್ರೈಮ್ ಕಂಪನಿಗಳ ಅಗ್ಗದ ಲೆನ್ಸುಗಳಲ್ಲೊಂದು ಎಂದು ಕೇಳಿ ಆ ಹೆಣ್ಣುಮಗಳಿಗೆ ಖುಷಿಯಾಯಿತು. ಆದರೆ ಅಂಚು-ಸೆರಗು ಎಲ್ಲ ಸೇರಿ ಎರಡೂವರೆ ಮೀಟರು ಹಿಡಿಯಬೇಕೆಂದರೆ ತಂಗಿಯ ಮಗಳ ಕ್ಯಾಮೆರಾದಲ್ಲಿ ಐದಾರು ಮೀಟರು ದೂರ ನಿಲ್ಲಬೇಕು. “ಅಷ್ಟು ಜಾಗಾ ನಮ್ಮನ್ಯಾಗ ಎಲ್ಲೈತ್ರೀ?” ಎಂದಳು. ಸೀರೆಯನ್ನು ಎದುರುಮನೆಯ ಗೋಡೆಗೆ ಇಳಿಬಿಟ್ಟು, ಓಣಿಯ ಈಚೆ ಬದಿಯಿಂದ ಹೊಸ ಚಿತ್ರ ತೆಗೆದೆವು. ನಡುವೆ ಒಂದು ಎಮ್ಮೆ ಬಂದು ನಿಂತಿತು. ಅದು ಹೋಗುವತನಕ ಕಾದೆವು.