ಗೆಂಡೆಹಳ್ಳಿಗೆ ಎಷ್ಟು ಟನ್?

ಬೇಲೂರು, ಗೆಂಡೆಹಳ್ಳಿ ಕಡೆ ಈಗ ಏಳುತ್ತಿರುವ ದೊಡ್ಡ ಮನೆಗಳ ಅಂದಾಜುಪಟ್ಟಿಯಲ್ಲಿ ಹೊಸದೊಂದು ಬಾಬತ್ತು ಸೇರಿಕೊಳ್ಳುತ್ತಿದೆ: ‘ಸೆಂಟ್ರಲ್ ಎ.ಸಿ.ಗೆ ಪ್ರಾವಿಷನ್’. ಯಂತ್ರ ಆಮೇಲೆ ನೋಡೋಣ, ಪೈಪು ಮಾತ್ರ ಬಿಟ್ಟಿರಿ ಎನ್ನುವುದು ರೂಢಿ. ಇದಕ್ಕೆ ದೂರದೃಷ್ಟಿ ಎಂಬ ಹೊಗಳಿಕೆಯೂ ಸಂದಿದೆ. ಕಾಫಿ ಬೆಲೆ, ಬೆಂಗಳೂರಿನಲ್ಲಿರುವ ಮಕ್ಕಳ ಒತ್ತಾಯ, ಏರುತ್ತಿರುವ ಏಪ್ರಿಲ್ ಬಿಸಿಲು ಎಲ್ಲರಿಗೂ ಗೊತ್ತಿರುವುದೇ. ಆದರೆ ಈ ದೂರದೃಷ್ಟಿ ಮೂಗಿನ ತುದಿಯನ್ನೂ ದಾಟಿಲ್ಲವೆಂಬುದು ನನ್ನ ಅಭಿಪ್ರಾಯ.

ಇಡೀ ಪದ್ಧತಿ ನಿಂತಿರುವುದು ಒಂದು ಬಾಯಿಲೆಕ್ಕದ ಮೇಲೆ: ನೂರಿಪ್ಪತ್ತು ಚದರಡಿಗೆ ಒಂದು ಟನ್. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕುವ ಶಕ್ತಿ. 1,200 ಚದರಡಿಯ ಮನೆಗೆ ಹತ್ತು ಟನ್, ಅಂದರೆ 35 ಕಿಲೋವ್ಯಾಟ್! ಚೆನ್ನೈಗೂ ಇದೇ ಲೆಕ್ಕ, ರಾಯಚೂರಿಗೂ ಇದೇ, ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿರುವ ನಮ್ಮ ಸೀಮೆಗೂ ಇದೇ. ಪಡುಗೋಡೆಗೆ ಸಿಲ್ವರ್ ಮರದ ನೆರಳಿದೆಯೇ, ಸಜ್ಜಾ ಎಷ್ಟು ಮುಂದೆ ಚಾಚಿದೆ, ಮೇಲಿರುವುದು ಬರೀ ಸ್ಲ್ಯಾಬೋ ಅದರ ಮೇಲೆ ಹೆಂಚೂ ಇದೆಯೋ ಎಂದು ಟೇಪು ಹಿಡಿದು ಬಂದವರು ಕೇಳುವುದಿಲ್ಲ. ಕೇಳದಿರುವುದಕ್ಕೆ ಕಾರಣವೂ ಇದೆ. ಯಂತ್ರ ಚಿಕ್ಕದಾದರೆ ತಂಪಾಗಲಿಲ್ಲವೆಂದು ಮಾಲೀಕ ಮರುದಿನವೇ ಫೋನು ಮಾಡುತ್ತಾನೆ. ದೊಡ್ಡದಾದರೆ ಆಗುವ ತೊಂದರೆಯನ್ನು ಅವನು ಮಳೆಗಾಲದ ತಲೆಗೆ ಕಟ್ಟುತ್ತಾನೆ.

ಆ ತೊಂದರೆ ಹೀಗೆ. ಗಾಳಿಯಲ್ಲಿನ ತೇವ ಯಂತ್ರದೊಳಗಿನ ತಣ್ಣನೆಯ ಕಾಯಿಲಿನ ಮೇಲೆ ನೀರಾಗಿ, ಬೊಟ್ಟು ಬೊಟ್ಟಾಗಿ ಡ್ರೈನಿಗೆ ಇಳಿಯಬೇಕಾದರೆ ಯಂತ್ರ ಬಹಳ ಹೊತ್ತು ಬಿಡದೆ ಓಡಬೇಕು. ಅಗತ್ಯಕ್ಕಿಂತ ದೊಡ್ಡ ಯಂತ್ರ ಕೋಣೆಯನ್ನು ಬೇಗ ತಣ್ಣಗೆ ಮಾಡಿ ನಿಂತುಬಿಡುತ್ತದೆ. ಫ್ಯಾನು ಮಾತ್ರ ತಿರುಗುತ್ತಿದ್ದರೆ ಕಾಯಿಲಿಗೆ ಅಂಟಿದ ನೀರು ಮತ್ತೆ ಗಾಳಿಗೇ ಸೇರುತ್ತದೆ. ಕೋಣೆ ತಣ್ಣಗಿರುತ್ತದೆ, ಹಾಸಿಗೆ ಜಿಗುಟಾಗಿರುತ್ತದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಬ್ರೂಕ್ಲಿನ್ನಿನ ಮುದ್ರಣಾಲಯಕ್ಕಾಗಿ ಈ ವಿದ್ಯೆಯನ್ನು ರೂಪಿಸಿದ್ದೇ ತೇವದಿಂದ ಕಾಗದ ಹಿಗ್ಗಿ ಬಣ್ಣ ಸರಿಯಾಗಿ ಕೂರದಿದ್ದ ಕಾರಣಕ್ಕೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು ಹಿಡಿಯುವ ಸೀಮೆಯಲ್ಲಿ ಯಂತ್ರದಿಂದ ಒಂದಿಷ್ಟು ಉಪಕಾರ ಆಗುವುದಿದ್ದರೆ ಅದು ತೇವ ತೆಗೆಯುವುದರಲ್ಲಿ. ಬಾಯಿಲೆಕ್ಕ ಕೊಲ್ಲುವುದು ಅದನ್ನೇ. ಇನ್ವರ್ಟರ್ ಕಂಪ್ರೆಸರ್ ಬಂದ ಮೇಲೆ ಈ ವಾದ ಹಳಸಿತು ಎನ್ನುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಇನ್ವರ್ಟರಿಗೂ ಒಂದು ಕೆಳಮಿತಿ ಇದೆ. ಹತ್ತು ಟನ್ನಿನದು ಒಂದು ಟನ್ನಿನ ಕೆಲಸವನ್ನು ಹದವಾಗಿ ಮಾಡುತ್ತದೆಂದು ನಂಬಲಾಗದು.

ಇನ್ನು ಎದುರು ಪಾಳೆಯದವರು. ತೊಟ್ಟಿಮನೆ ಕಟ್ಟಿ, ಎ.ಸಿ. ಯಾಕೆ ಎಂದು ಬರೆಯುವ ಪರಂಪರೆಯ ಅಭಿಮಾನಿಗಳು. ಬೇಲೂರಿನ ಜಾಲಂಧ್ರಗಳನ್ನು ತೋರಿಸಿ ‘ಹೊಯ್ಸಳರ ಎ.ಸಿ.’ ಎನ್ನುವುದು ಇವರ ಮೆಚ್ಚಿನ ಪಲ್ಲವಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ಚೆನ್ನಕೇಶವನ ನವರಂಗ ತೆರೆದೇ ಇತ್ತು. ಗೋಡೆ, ಜಾಲಂಧ್ರಗಳು ಬಂದದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ ಎಂದು ವಿದ್ವಾಂಸರು ಹೇಳುತ್ತಾರೆ. ಅಂದಮೇಲೆ ಅವು ಬರುತ್ತಿದ್ದ ಗಾಳಿಯನ್ನು ತಡೆದ ಕಲ್ಲುಗಳು. ಶಿಲ್ಪವಾಗಿ ಅಮೋಘ, ಆದರೆ ಗಾಳಿಯ ಪಾಠಕ್ಕೆ ತಪ್ಪು ಉದಾಹರಣೆ. ತೊಟ್ಟಿಮನೆಯ ಮಾತಿಗೆ ಬಂದರೆ, ಅಟ್ಟವಿಲ್ಲದ ಹೆಂಚಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಕೂತವರಾರೂ ಹೆಂಚಿನ ಬಗ್ಗೆ ಪದ್ಯ ಬರೆಯಲಾರರು. ಹಳೆಯ ಮನೆಯ ತಂಪು ಹೆಂಚು, ಅಟ್ಟ, ಇವೆರಡರ ನಡುವಿನ ಗಾಳಿ ಮೂರೂ ಸೇರಿ ಮಾಡಿದ್ದು. ಇದನ್ನು ಈ ಅಭಿಮಾನಿಗಳು ಯಾಕೆ ಬರೆಯುವುದಿಲ್ಲವೋ! ಬಹುಶಃ ಅಟ್ಟ ಫೋಟೊದಲ್ಲಿ ಚೆನ್ನಾಗಿ ಬರುವುದಿಲ್ಲ.

ವಿಚಿತ್ರವೆಂದರೆ ಆ ಅಟ್ಟವನ್ನು ನಮ್ಮ ಊರಿನವರು ತಮಗೆ ಗೊತ್ತಿಲ್ಲದೆಯೇ ವಾಪಸು ತಂದಿದ್ದಾರೆ. ಸ್ಲ್ಯಾಬು ಸೋರುತ್ತದೆಂದು ಅದರ ಮೇಲೆ ಕಬ್ಬಿಣದ ಟ್ರಸ್ಸು ನಿಲ್ಲಿಸಿ ಶೀಟೋ ಮಂಗಳೂರು ಹೆಂಚೋ ಹೊದಿಸುವುದು ಮಲೆನಾಡಿನ ಅಂಚಿನ ಊರುಗಳಲ್ಲೆಲ್ಲ ಸಾಮಾನ್ಯ. ಬರಿಯ ಸ್ಲ್ಯಾಬು ಹಗಲೆಲ್ಲ ಕಾದು, ಹೊರಗಡೆ ತಂಗಾಳಿ ಬೀಸುವ ರಾತ್ರಿಯಲ್ಲಿ ಒಳಗಿನವರ ಮೇಲೆ ಶಾಖ ಇಳಿಸುತ್ತದೆ. ಮೇಲೆ ನೆರಳು ಬಿದ್ದು, ನಡುವೆ ಗಾಳಿ ಆಡಿದರೆ ಆ ಕಾವೇ ಏಳುವುದಿಲ್ಲ. ಬಟ್ಟೆ, ಕಾಫಿ, ಮೆಣಸು ಒಣಗಿಸಲು ಬಳಕೆಯಾಗುವ, ಯಾರೂ ಸೌಂದರ್ಯವೆಂದು ಒಪ್ಪದ ಆ ಟ್ರಸ್ಸು ಎ.ಸಿ.ಗೆ ಮಾಡಬಹುದಾದ ಅತ್ಯುತ್ತಮ ಪೂರ್ವಸಿದ್ಧತೆ. ಇದಕ್ಕೆ ಹೊಗಳಿಕೆ ಇಲ್ಲ. ಫಾಲ್ಸ್ ಸೀಲಿಂಗಿಗೆ ಇದೆ.

ಗೋಡೆಯೊಳಗೆ ಹೂತ ತಾಮ್ರದ ಪೈಪಿನ ವಿಚಾರ ಇನ್ನೂ ತಮಾಷೆಯದು. ಪೈಪಿನ ಅಳತೆ ನಿರ್ಧಾರವಾಗುವುದು ಯಂತ್ರದಿಂದ, ಯಂತ್ರ ಇನ್ನೂ ಆಯ್ಕೆಯಾಗಿಲ್ಲ. ತುದಿಗೆ ಬಟ್ಟೆ ತುರುಕಿ ವರ್ಷಗಟ್ಟಲೆ ಬಿಟ್ಟ ಪೈಪಿನೊಳಗೆ ತೇವವೂ ಧೂಳೂ ಸೇರುತ್ತವೆ; ಬೆಸುಗೆ ಹಾಕಿ ಮುಚ್ಚಿ ನೈಟ್ರೋಜನ್ ಒತ್ತಡದಲ್ಲಿ ಇಟ್ಟವರಿದ್ದರೆ ಅವರಿಗೆ ನಮಸ್ಕಾರ. ಗಾಳಿಯ ದಾರಿಯದೂ ಇದೇ ಕತೆ. ತಂಪು ಗಾಳಿ ಬರುವ ಜಾಲರಿಗಳೆಲ್ಲ ನಕ್ಷೆಯಲ್ಲಿರುತ್ತವೆ. ಬಾಗಿಲು ಹಾಕಿದ ಮಲಗುವ ಕೋಣೆಯಿಂದ ಗಾಳಿ ಯಂತ್ರಕ್ಕೆ ಮರಳುವ ದಾರಿ ಇರುವುದಿಲ್ಲ.

ವಯಸ್ಸಾದವರಿಗೆ, ಕಾಯಿಲೆಯವರಿಗೆ ಒಂದು ಕೋಣೆಗೆ ಎ.ಸಿ. ಬೇಕಾದೀತು, ಇಲ್ಲವೆನ್ನೆ. ಒಣ ಹವೆಯ ಅರಸೀಕೆರೆಯಲ್ಲಿ ಬೇಸಿಗೆಗೆ ಕೂಲರೇ ಸಾಕಾಗುವ ಮನೆಗಳೂ ಇವೆ. ಪ್ರಾವಿಷನ್ ಬಿಡಲೇಬೇಕೆಂದರೆ ಇಳಿಜಾರು ಸರಿಯಿರುವ ಒಂದು ಡ್ರೈನ್ ಪೈಪು, ಖಾಲಿ ಸ್ಲೀವ್ ಪೈಪು, ಮೂರು ಫೇಸಿನ ವೈರಿಂಗು ಬಿಡಿ. ತಾಮ್ರದ ದುಡ್ಡನ್ನು ಟ್ರಸ್ಸಿಗೆ ಹಾಕಿ ಎರಡು ಬೇಸಿಗೆ ಮಲಗಿ ನೋಡಿ. ಟನ್ನಿನ ಲೆಕ್ಕವನ್ನು ಆಮೇಲೆ ಕೇಳಿ.